ಕೀ ನಿಮ್ಮ ಜೇಬಿನಲ್ಲೇ ಇತ್ತು

ಪ್ರೀತಿಯ ಖಲ್ಫಾನ್,

ನಿಮಗೆ ಸಲಾಂ. ನೀವಿರುವಲ್ಲಿಗೆ ಕಾಗದ ಮುಟ್ಟುವುದಿಲ್ಲ, ಗೊತ್ತು. ಆದರೂ ನಾಳೆ ಖಾಜಿಯ ಮುಂದೆ ಬಾಯಿ ಬಿಡುವ ಮೊದಲು ನಿಮಗೆ ಹೇಳದೆ ಇರಲಾರೆ.

ಹಳ್ಳಕ್ಕೆ ನೀರು ಬಂದ ದಿನ ನೀವು ನಮ್ಮೂರ ಗಂಡಸರೆಲ್ಲ ಮಾಡುವುದನ್ನೇ ಮಾಡಿದಿರಿ. ಕಾರನ್ನು ದಡದಲ್ಲಿ ನಿಲ್ಲಿಸಿ, ದಿಶ್‌ದಾಶಾ ನಿಲುವಂಗಿ ಎತ್ತಿ ಕಟ್ಟಿ, ಒಂಟೆ ಹೊಡೆಯುವ ಕೋಲು ಹಿಡಿದು ಆಳ ನೋಡಲು ಇಳಿದಿರಿ. ನಿಮ್ಮ ಅಪ್ಪನೂ ಹಾಗೆಯೇ ನೋಡುತ್ತಿದ್ದರಲ್ಲ. ಬೆಟ್ಟದಿಂದ ನೀರು ನುಗ್ಗಿದ್ದನ್ನು ಆಚೆ ದಡದ ಲಾರಿಯವನು ಕಂಡು ಕೂಗಿದನಂತೆ. ಆಮೇಲೆ ಅವನಿಗೆ ಕಂಡದ್ದು ನಿಮ್ಮ ಕುಮ್ಮಾ ಟೋಪಿ ಮಾತ್ರ. ಎಷ್ಟು ಹುಡುಕಿದರೂ ನೀವು ಸಿಗಲಿಲ್ಲ.

ಕಾರು ಮಾತ್ರ ದಡದಲ್ಲಿ ಬೀಗ ಹಾಕಿಕೊಂಡು ನಿಂತಿತ್ತು. ಹಾಕಿದ್ದು ನೀವಲ್ಲ. ಕೀ ನಿಮ್ಮ ಜೇಬಿನಲ್ಲಿ ದೂರ ಸಾಗಿತು, ಕಾರು ತನ್ನ ಬೀಗ ತಾನೇ ಹಾಕಿಕೊಂಡಿತು.

ಅದನ್ನು ಕೊಂಡ ಹೊಸದರಲ್ಲಿ ನಾನು ಬೆಚ್ಚಿಬಿದ್ದದ್ದು ನೆನಪಿದೆಯೇ? ವೇಗ ಏರುತ್ತಿದ್ದಂತೆ ನಾಲ್ಕೂ ಬಾಗಿಲು ಒಟ್ಟಿಗೆ ಟಕ್ ಎಂದವು. ನೀವು ನಕ್ಕು, "ಹೆದರ್ಕೋಬೇಡ ಝುವೈನಾ, ನೀನೆಲ್ಲಿ ತವರಿಗೆ ಓಡಿಹೋಗ್ತೀಯೋ ಅಂತ ಅದಕ್ಕೆ ಭಯ" ಅಂದಿರಿ. ಕಾರನ್ನು ಅಷ್ಟು ನಂಬಿದ ನೀವು, ಇಳಿದ ಮೇಲೆ ಮಾತ್ರ ಕೀಯನ್ನು ನನ್ನ ಕೈಗೆ ಕೊಟ್ಟು ದೂರ ಕಳಿಸಿ, ನನ್ನ ಬದಿಗೆ ಬಂದು ಹಿಡಿಕೆಯನ್ನು ಎರಡು ಸಲ ಎಳೆದು ನೋಡುತ್ತಿದ್ದಿರಿ. "ಅದೇ ಹಾಕ್ಕೊಳ್ಳತ್ತಲ್ರೀ" ಎಂದು ನಾನು ರೇಗಿದರೆ, "ಹಾಕ್ಕೊಳ್ಳತ್ತೆ, ಆದ್ರೂ ನನ್ನ ಕೈಗೆ ಗೊತ್ತಾಗ್ಬೇಕಲ್ಲ" ಎನ್ನುತ್ತಿದ್ದಿರಿ.

ಮನೆಯಲ್ಲಿದ್ದ ಇನ್ನೊಂದು ಕೀಯಿಂದ ನನ್ನ ತಮ್ಮ ಮಹ್ಫೂದ್ ಕಾರನ್ನು ಅಂಗಳಕ್ಕೆ ತಂದು ನಿಲ್ಲಿಸಿದ. ಕೆಲವು ದಿನಗಳ ನಂತರ, ಸಂಜೆಯ ಮಗ್ರಿಬ್ ಬಾಂಗು ಮುಗಿಯುತ್ತಿದ್ದಂತೆ ಕಾರಿನ ದೀಪ ಮಿನುಗಿತು. ಮಡಚಿದ್ದ ಕನ್ನಡಿಗಳು ಮೆಲ್ಲಗೆ ಬಿಚ್ಚಿಕೊಂಡವು. ಟಕ್. ಬೀಗ ತೆರೆಯಿತು. ಅಂಗಳದಲ್ಲಿ ಯಾರೂ ಇರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ತಾನಾಗಿಯೇ ಮುಚ್ಚಿಕೊಂಡಿತು. ಮರುಸಂಜೆಯೂ ಹಾಗೆಯೇ, ಅದರ ಮರುಸಂಜೆಯೂ.

ಕಾರುಗಳ ವೈರಿಂಗ್ ಕೆಲಸವೇ ಮಹ್ಫೂದನ ಅನ್ನ. ಎಲ್ಲ ಬಿಚ್ಚಿ ನೋಡಿದ. ಕೊನೆಗೆ ಮನೆಯ ಕೀಯನ್ನು ಹಲ್ವಾದ ತಗಡಿನ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದ. "ತಗಡಿನೊಳಗಿದ್ರೆ ಇದು ಮೂಕ. ಈಗ ನೋಡೋಣ" ಅಂದ. ಆ ಸಂಜೆಯೂ ಬೀಗ ತೆರೆಯಿತು. ಅವನು ಡಬ್ಬಿಯನ್ನು ಕೆಳಗಿಟ್ಟ. "ಅಕ್ಕಾ, ಬಾಗಿಲು ಸದಾ ಸಣ್ಣಗೆ ಕೀಯನ್ನ ಕರೀತಾ ಇರತ್ತೆ. ಕೀ ತೋಳಳತೆ ದೂರಕ್ಕೆ ಬಂದು ತನ್ನ ಗುಟ್ಟಿನ ಸಂಖ್ಯೆ ಹೇಳಿದ್ರೆ ಮಾತ್ರ ಒಳಗಿನ ಪುಟ್ಟ ಮೋಟಾರು ತಿರುಗೋದು. ಬೇರೆಯವರಿಗೆ ತೆಗೆಯಲ್ಲ. ನೀರಿಗೆ ಬಿದ್ದ ಕೀ ಎಂದೋ ಸತ್ತಿರತ್ತೆ." ಅಷ್ಟು ಹೇಳಿ ಚಪ್ಪಲಿ ಮೆಟ್ಟಿದವನು ಕಹ್ವಾ ಕುಡಿಯಲೂ ನಿಲ್ಲಲಿಲ್ಲ.

ಅವನಿಗೆ ಭಯವಾಯಿತು. ನನಗೆ ಆಸೆಯಾಯಿತು. ಕೀ ಬಂದಿದೆ ಎಂದರೆ ಜೇಬು ಬಂದಿದೆ, ಜೇಬು ಬಂದಿದೆ ಎಂದರೆ ನೀವು ಬಂದಿದ್ದೀರಿ. ಹಾಗಾಗಿ, ಗಂಡ ತೀರಿಹೋದನೇ ಎಂದು ಖಾಜಿ ಕೇಳಿದಾಗಲೆಲ್ಲ "ಇಲ್ಲ" ಎಂದೆ. ನಾನು ಹೌದು ಅನ್ನದೆ ನಿಮ್ಮ ಹೆಸರಿನಲ್ಲಿ ಜನಾಝಾ ನಮಾಜು ಓದಿಸಲು ಅವರಿಗೆ ಮನಸ್ಸಾಗಲಿಲ್ಲ. ನಿನ್ನೆ ನಿಮ್ಮ ತಾಯಿ ನನ್ನ ಮುಂದೆ ಕೂತು ಅತ್ತರು. "ಮಗಳೇ, ನನ್ನ ಕಂದಂಗೆ ಮಣ್ಣಂತೂ ಸಿಗಲಿಲ್ಲ. ಒಂದು ನಮಾಜಾದ್ರೂ ಸಿಗಲಿ ಬಿಡೇ. ಹೀಗೆ ಬಾಗಿಲ ಹತ್ರ ಎಷ್ಟು ದಿನ ನಿಲ್ಲಿಸ್ಕೋತೀಯ ಅವನ್ನ?" ಎಂದರು. ಕಾರಿನ ವಿಷಯ ನಾನು ಅವರಿಗೆ ಹೇಳಿಯೇ ಇರಲಿಲ್ಲ, ಖಲ್ಫಾನ್.

ಈ ಸಂಜೆ ಮನೆಯ ಕೀಯನ್ನು ಡಬ್ಬಿಯಲ್ಲೇ ಬಿಟ್ಟು ಬರಿಗೈಯಲ್ಲಿ ಅಂಗಳಕ್ಕೆ ಹೋದೆ. ಬೀಗ ತೆರೆದ ಕೂಡಲೇ ನನ್ನ ಸೀಟಿನಲ್ಲಿ ಕೂತು ಬಾಗಿಲೆಳೆದುಕೊಂಡೆ. ಕೀ ಒಳಗಿಲ್ಲದಿದ್ದರೆ ಕಾರು ಎಚ್ಚರಗೊಳ್ಳುವುದೇ ಇಲ್ಲ ಎಂದು ನೀವೇ ಕಲಿಸಿದ್ದಿರಿ. ಕೈ ಚಾಚಿ ಸ್ಟಾರ್ಟ್ ಗುಂಡಿ ಒತ್ತಿದೆ. ನಿಮ್ಮ ಸೀಟಿನ ಎದುರಿನ ದೀಪಗಳೆಲ್ಲ ಒಟ್ಟಿಗೆ ಹೊತ್ತಿಕೊಂಡವು. ಹಳ್ಳದ ಕೆಸರಿನ ವಾಸನೆ ಬಂತು. ಖಾಲಿ ಸೀಟನ್ನು ನೋಡಲು ನನಗೆ ಧೈರ್ಯ ಬರಲಿಲ್ಲ.

ಮುಂದೆ ನೋಡುತ್ತಲೇ ಹೇಳಿದೆ. "ನಾಳೆ ಹೌದು ಅಂತೀನಿ. ನೀವಿನ್ನು ಕಾಯ್ಬೇಡಿ." ಗುಂಡಿ ಒತ್ತಿ ದೀಪ ಆರಿಸಿದೆ. ತುಂಬ ಹೊತ್ತು ಏನೂ ಆಗಲಿಲ್ಲ. ಆಮೇಲೆ ನಾಲ್ಕೂ ಬಾಗಿಲುಗಳ ಬೀಗ ಟಕ್ ಎಂದು ಬಿತ್ತು. ಕನ್ನಡಿಗಳು ಮಡಚಿಕೊಂಡವು. ಕೀ ದೂರ ಹೊರಟಿತು ಎಂದುಕೊಂಡು ನಾನು ಅಳತೊಡಗಿದೆ.

ಆಗ ನನ್ನ ಬದಿಯ ಹಿಡಿಕೆಯನ್ನು ಹೊರಗಿನಿಂದ ಯಾರೋ ಎಳೆದರು. ಮತ್ತೊಮ್ಮೆ ಎಳೆದರು. ಬೀಗ ಸರಿಯಾಗಿ ಬಿದ್ದಿತ್ತು.

ಪ್ರತಿ ಸಲ ಬಾಗಿಲವರೆಗೆ ಬಂದು ನಿಮ್ಮನ್ನು ಕಳಿಸುವಾಗ ಹೋಗಿ ಬನ್ನಿ ಎನ್ನುತ್ತಿದ್ದೆ. ಈ ಸಲ ಅದನ್ನು ಹೇಳಲಾರೆ. ಅಲ್ಲಾಹನ ಕಾವಲಿನಲ್ಲಿ ನೆಮ್ಮದಿಯಾಗಿ ಹೋಗಿ. ನಾನು ಒಳಗೆ ಭದ್ರವಾಗಿದ್ದೇನೆ.

ನಿಮ್ಮ
ಝುವೈನಾ