ಎರಡು ಬಾಗಿಲಿಗೂ ಕೈಕಂಬಿ

ನಗರಸಭೆಯ ಪಾರಂಪರಿಕ ಕಟ್ಟಡಗಳ ಸಂರಕ್ಷಣಾಧಿಕಾರಿ ಶ್ರೀ ಪಾಸ್ಕೋ ಅವರಿಗೆ,

ಚಾಂಟ್ರಿ ಬೀದಿಯ ಜೋಡಿಮನೆಗಳಲ್ಲಿ ಬಲಗಡೆಯದು ನನ್ನದು. ಎಡಗಡೆಯ ಮನೆಯ ಶ್ರೀಮತಿ ಟ್ರೆವೆನಾ ತಮ್ಮ ಮೆಟ್ಟಿಲಿಗೆ ಕಬ್ಬಿಣದ ಕೈಕಂಬಿ ಹಾಕಿಸಲು ಕೇಳಿದ್ದ ಅನುಮತಿಯನ್ನು ನೀವು ನಿರಾಕರಿಸಿದ್ದೀರಿ. ಒಂದೇ ಮನೆಗೆ ಕಂಬಿ ಬಂದರೆ ಜೋಡಿಯ ಹೊಂದಿಕೆ ಕೆಡುತ್ತದೆ ಎಂಬ ಕಾರಣವನ್ನು ನಾನು ಒಪ್ಪುತ್ತೇನೆ. ಇನ್ನೂರು ವರ್ಷಕ್ಕೂ ಹಿಂದೆ, ಮೂರನೇ ಜಾರ್ಜ್ ದೊರೆಯ ಕಾಲದಲ್ಲಿ, ಹಗ್ಗದ ವ್ಯಾಪಾರಿಯೊಬ್ಬ ತನ್ನ ಇಬ್ಬರು ಹೆಣ್ಣುಮಕ್ಕಳಿಗೆಂದು ಕಟ್ಟಿಸಿದ ಮನೆಗಳಿವು. ಯಾರಿಗೂ ಹೆಚ್ಚು ಕಡಿಮೆ ಅನ್ನಿಸಬಾರದೆಂದು, ಬಾಗಿಲ ಮೇಲಿನ ಅರ್ಧಚಂದ್ರ ಗಾಜಿನಿಂದ ಹಿಡಿದು ಎಲ್ಲವನ್ನೂ ಒಂದೇ ಅಳತೆಯಲ್ಲಿ ಮಾಡಿಸಿದ. ಸಂಜೆ ಬಿಸಿಲಿನಲ್ಲಿ ಎದುರುಗಡೆ ನಿಂತು ಅವನ್ನು ನೋಡುವುದು ನನಗೂ ಇಷ್ಟ.

ಆದ್ದರಿಂದ ನನ್ನ ಮೆಟ್ಟಿಲಿಗೂ ಅಂಥದ್ದೇ ಕಂಬಿ ಹಾಕಿಸಲು ಅನುಮತಿ ಕೋರುತ್ತೇನೆ. ಎರಡನ್ನೂ ಒಟ್ಟಿಗೆ ಪರಿಶೀಲಿಸಿ.

ನನಗೆ ಕಂಬಿಯ ಅಗತ್ಯವಿಲ್ಲವೆಂಬುದನ್ನು ಮುಚ್ಚಿಡುವುದಿಲ್ಲ. "ನಿನ್ ಕಾಲು ಗಟ್ಟಿಯಾಗೇ ಇವೆಯಲ್ಲೇ ಮೊರ್ವೆನ್ನಾ, ನಿಂಗ್ಯಾಕೆ ಕಂಬಿ? ಹೊಟ್ಟೆಕಿಚ್ಚಾ?" ಎಂದು ಶ್ರೀಮತಿ ಟ್ರೆವೆನಾ ಕೇಳಿದರು.

"ಹೂಂ, ನಿಮ್ಮನೇಲಿ ಇರೋದು ನಮ್ಮನೇಲೂ ಇರ್ಬೇಕು," ಅಂದೆ.

ವಸಂತದಲ್ಲಿ ಆ ಮೆಟ್ಟಿಲಿನಿಂದ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಅವರು ಒಬ್ಬರೇ ಹೊರಗೆ ಬಂದಿಲ್ಲ. ಚಳಿಗಾಲ ಬಂದು ಮೆಟ್ಟಿಲ ಕಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟುವ ಮೊದಲು ನಿಮ್ಮ ಉತ್ತರ ಬಂದರೆ ಉಪಕಾರ.

ಸದ್ಯಕ್ಕೆ ನಾನು ಕೆಲಸದಿಂದ ಬಂದ ಮೇಲೆ ನನ್ನ ತೋಳು ಹಿಡಿದು ಇಳಿಯುತ್ತಾರೆ. ಮೆಟ್ಟಿಲ ನಡುವೆ ನಿಂತು, "ಬೇಗ ಇಳಿಸೇ. ಈ ತೋಳು ಜಾರ್ಜ್ ಕಾಲದ್ದಲ್ಲ, ನಗರಸಭೆಯವ್ರು ನೋಡಿದ್ರೆ ಕಿತ್ತು ಹಾಕಿಸ್ತಾರೆ," ಅನ್ನುತ್ತಾರೆ.

ಇಂತಿ ತಮ್ಮ ವಿಶ್ವಾಸಿ,
ಮೊರ್ವೆನ್ನಾ ಹಾಸ್ಕಿಂಗ್