ಸಫಿಯಮ್ಮನ ಎಡಗಣ್ಣು

೨೬-೧೨-೭೮, ಮಂಗಳವಾರ. ಸಂಜೆ

ಇವತ್ತೂ ವಿಠಲನ ಅದೇ ರಾಗ — "ಕ್ಲಬ್ಬಿನ ಚರಿತ್ರೆ ಎಲ್ಲಿಗೆ ಬಂತು ಮಾರಾಯ? ಅಚ್ಚಿಗೆ ಕೊಡಿ ಅಂತ ಪ್ರೆಸ್ಸಿನವರು ಕೇಳ್ತಾ ಇದ್ದಾರೆ." ಅಧ್ಯಕ್ಷನಿಗೆ ಕೇಳುವುದು ಸುಲಭ. ಬರೆಯಬೇಕಾದವನು ಕಾರ್ಯದರ್ಶಿ, ಅಂದರೆ ಈ ಮೌರಿಸ್ ಮಾಸ್ತರು.

ಎರಡು ಪುಟ ಆಯಿತು. ೧೯೬೮ರಲ್ಲಿ ವಿಠಲನ ಜವಳಿ ಅಂಗಡಿಯ ಹಿಂಬದಿಯಲ್ಲಿ ಏಳು ಜನ ಸೇರಿ ಕಾಪು ಸೇವಾ ಕ್ಲಬ್ ಕಟ್ಟಿದ್ದು. ಕಾಲರಾ ಸುದ್ದಿ ಬಂದಾಗ ಬಾವಿಗಳಿಗೆ ಬ್ಲೀಚಿಂಗ್ ಪೌಡರ್ ಹಾಕಿದ್ದು, ಬೈಸಿಕೊಂಡದ್ದು. ಬಸ್ ಸ್ಟ್ಯಾಂಡಿನ ತಂಗುದಾಣ. ೭೧ರಿಂದ ಪ್ರತಿ ಕ್ರಿಸ್‌ಮಸ್ ರಜೆಯಲ್ಲಿ ನಮ್ಮ ಶಾಲೆಯಲ್ಲೇ ಕಣ್ಣಿನ ಕ್ಯಾಂಪ್.

ನಾಳೆ ಅರವತ್ತೆರಡು ಆಪರೇಷನ್. ನನ್ನ ಕೆಲಸ ಪ್ಲಾಸ್ಟರು. ಡಾಕ್ಟರು ಕಾರ್ಡಿನಲ್ಲಿ 'ಎಡ' ಅಥವಾ 'ಬಲ' ಬರೆಯುತ್ತಾರೆ, ಆ ಹುಬ್ಬಿನ ಮೇಲೆ ನಾನು ತುಂಡು ಪ್ಲಾಸ್ಟರು ಹಚ್ಚುತ್ತೇನೆ. ಆಪರೇಷನ್ ರೂಮಿನೊಳಗೆ ಕಾರ್ಡು ನೋಡುವವರಿಲ್ಲ, ಪ್ಲಾಸ್ಟರು ಇದ್ದ ಕಣ್ಣಿಗೆ ಕತ್ತರಿ. ನಾನು ಯಾವಾಗಲೂ ಬೆಂಚಿನ ಹಿಂದೆ ನಿಂತು ಹಚ್ಚುವವನು. ನನ್ನ ಎಡವೇ ಅವರ ಎಡ. ಎಂಟು ವರ್ಷದಿಂದ ಒಂದೂ ತಪ್ಪಿಲ್ಲ. ಜಂಬವೇ, ಇರಲಿ.

೨೭-೧೨-೭೮. ಸಂಜೆ ೬

ಅರವತ್ತೆರಡೂ ಮುಗಿಯಿತು. ಕಾಲು ನನ್ನದಲ್ಲ. ಎಂಟನೇ ಕ್ಲಾಸಿನಲ್ಲಿ ಗಂಡಸರು, ಒಂಬತ್ತರಲ್ಲಿ ಹೆಂಗಸರು, ಚಾಪೆ ಮೇಲೆ ಸಾಲಾಗಿ. ಎಲ್ಲರಿಗೂ ಎರಡೂ ಕಣ್ಣಿಗೆ ಬ್ಯಾಂಡೇಜು. ಆರು ದಿನ ತಲೆ ಅಲುಗಾಡಿಸುವ ಹಾಗಿಲ್ಲ. ನನ್ನ ಹೆಂಡತಿ ಬರ್ತಾ ಗಂಜಿ ಬಡಿಸಿ ಬಡಿಸಿ ಸುಸ್ತಾಗಿದ್ದಾಳೆ. ಅವಳಿಗೆ ಕ್ರಿಸ್‌ಮಸ್ ರಜೆ ಎಂಬುದೇ ಇಲ್ಲ ನನ್ನ ದೆಸೆಯಿಂದ.

೨೮-೧೨-೭೮. ಬೆಳಿಗ್ಗೆ

ಕಾರ್ಡು ಜೋಡಿಸುತ್ತಿದ್ದೆ. ನಂಬರ್ ೪೧, ಸಫಿಯಮ್ಮ, ಲೈಟ್‌ಹೌಸ್ ಹತ್ತಿರದವರು, ಬೀಡಿ ಕಟ್ಟುವವರು. 'ಎಡ'.

ಕಾರ್ಡು ಅಲ್ಲೇ ಕೆಳಗಿಟ್ಟೆ.

ಅವರಿಗೆ ಮೊಣಕಾಲು ನೋವು. ಬೆಂಚಿಗೆ ಬರಲಾಗಲಿಲ್ಲ. ಗೋಡೆಗೆ ಒರಗಿಸಿಟ್ಟ ಕುರ್ಚಿಯಲ್ಲಿ ಕೂತರು. ಹಿಂದೆ ನಿಲ್ಲಲು ಜಾಗವಿಲ್ಲ, ಎದುರು ನಿಂತು ಹಚ್ಚಿದೆ. ತಲೆವಸ್ತ್ರ ಸರಿಸಿದ್ದು ನೆನಪಿದೆ. ನನ್ನ ಎಡಗೈ ಕಡೆ.

ನನ್ನ ಎಡ. ಅವರ ಬಲ.

ಎಡಗಣ್ಣಿಗೆ ಪೊರೆ ಬಂದು ಮೂರು ವರ್ಷವಾಯಿತಂತೆ. ಬಲಗಣ್ಣೊಂದರಲ್ಲೇ ದಿನಕ್ಕೆ ಎಂಟುನೂರು ಬೀಡಿ ಕಟ್ಟುತ್ತಾರೆ. ಇದೂ ಕಾರ್ಡಿನಲ್ಲೇ ಇದೆ, ನನ್ನದೇ ಅಕ್ಷರದಲ್ಲಿ. ಆ ಕಣ್ಣು ಹೋದರೆ ಪೂರ್ತಿ ಕುರುಡು.

ಇಲ್ಲ. ಸರಿಯಾಗಿಯೇ ಹಚ್ಚಿರಬಹುದು. ಬ್ಯಾಂಡೇಜು ಬಿಚ್ಚುವ ತನಕ ಹೇಗೆ ಗೊತ್ತಾಗುವುದು?

ಅದೇ ದಿನ, ಮಧ್ಯಾಹ್ನ

ಮೂರು ಸಲ ಎದುರು ನಿಂತು ಕೈ ಎತ್ತಿ ನೋಡಿದೆ, ಬರ್ತಾಳ ಹಣೆಗೆ. "ಎಂತ ಆಶೀರ್ವಾದವಾ?" ಅಂದಳು. ಮೂರು ಸಲವೂ ಅವಳ ಬಲವೇ. ಹೆದರಿಕೆ ಆಗುತ್ತಿದೆ.

೨೯-೧೨-೭೮

ಸಫಿಯಮ್ಮನಿಗೆ ಕೆಮ್ಮು.

ಕೆಮ್ಮಿದರೆ ಹೊಲಿಗೆ ಬಿಡುತ್ತದೆ, ಕಣ್ಣು ಹೋಗುತ್ತದೆ. ನರ್ಸ್ ನಳಿನಾಕ್ಷಿ ಮೊದಲ ದಿನವೇ ಎಲ್ಲರಿಗೂ ಹೇಳಿದ್ದಾರೆ. ಆದರೆ ತಂಬಾಕಿನ ಧೂಳು ಕುಡಿದ ಎದೆ. ಅವರು ಸೆರಗು ಬಾಯಿಗೆ ತುರುಕಿಕೊಂಡು ತಡೆಯುತ್ತಾರೆ. ಮೈಯೆಲ್ಲ ನಡುಗುತ್ತದೆ. ಆಮೇಲೆ ಬಂದೇ ಬಿಡುತ್ತದೆ.

ಸಿರಪ್ ತರಲು ಸೈಕಲ್ ಹೊಡೆದೆ. ಚಮಚ ಬಾಯಿಗಿಟ್ಟಾಗ ಕೇಳಿದರು, "ಮಾಷ್ಟ್ರಾ?" ಹೂಂ ಎಂದು ಹೊರಗೆ ಬಂದೆ. ವರಾಂಡದಲ್ಲಿ ನಿಂತು ಕೆಮ್ಮು ಎಣಿಸಿದೆ. ಹದಿನೇಳು.

೩೧-೧೨-೭೮, ಭಾನುವಾರ

ನಿನ್ನೆ ಬರೆಯಲಿಲ್ಲ. ಬರೆಯಲು ಏನಿದೆ... ಕೆಮ್ಮು.

ಚರ್ಚಿನ ಪೂಜೆ ಮುಗಿಸಿ ಬಂದು ವಿಠಲನಿಗೆ ಹೇಳಿಬಿಟ್ಟೆ. ಸುತ್ತ ನೋಡಿ ಕೇಳಿದ, "ಯಾರಿಗೆಲ್ಲ ಗೊತ್ತುಂಟು?"

"ನಿನಗೆ ಮಾತ್ರ."

"ಹಾಗಾದರೆ ಅಷ್ಟೇ ಇರಲಿ. ಬ್ಯಾಂಡೇಜ್ ಬಿಚ್ಚಲಿ. ಕಂಡರೆ ಎಂತದೂ ಆಗಲಿಲ್ಲ ಅಲ್ವಾ? ಕಾಣದಿದ್ದರೆ ವಯಸ್ಸಾಯಿತು, ಕೆಮ್ಮಿದರು. ಹತ್ತು ವರ್ಷದ ಹೆಸರು ಒಂದು ತುಂಡು ಪ್ಲಾಸ್ಟರಿಗೆ ಹೋಗುವುದು ಬೇಡ ಮಾರಾಯ. ಮುಂದೆ ಕ್ಯಾಂಪಿಗೆ ಯಾರು ಬರ್ತಾರೆ?"

ಬೈಯಬೇಕಿತ್ತು ಅವನನ್ನು. ಬೈಯಲಿಲ್ಲ. ಎದೆ ಹಗುರಾಯಿತು, ಅದೇ ನಾಚಿಕೆ. ಮನೆಗೆ ಬಂದು ಚರಿತ್ರೆಯ ಮೂರನೇ ಪುಟ ಬರೆದೆ — 'ನಮ್ಮ ಶಿಬಿರಗಳಲ್ಲಿ ಇದುವರೆಗೆ ಒಂದು ಕಣ್ಣಿಗೂ ಹಾನಿಯಾಗಿಲ್ಲ.' ಅಕ್ಷರ ಮಾತ್ರ ಬಹಳ ಚೆಂದ ಬಂದಿದೆ.

೧-೧-೭೯

ಹೊಸ ವರ್ಷ. ಕೆಮ್ಮು ಕಡಿಮೆ. ಆದರೆ ಬ್ಯಾಂಡೇಜಿನ ಅಂಚಿನಲ್ಲಿ ಹಳದಿ ಒದ್ದೆ. ಕೀವೋ? ಕಣ್ಣೀರೋ? ನಳಿನಾಕ್ಷಿಯವರಲ್ಲಿ ಕೇಳಲು ಧೈರ್ಯವಿಲ್ಲ. ಇಷ್ಟೊಂದು ಜನರಿರುವಾಗ ಇವರೊಬ್ಬರ ಬಗ್ಗೆಯೇ ಏಕೆ ಕೇಳುತ್ತೀರಿ ಎಂದರೆ?

ನಾಳೆ ಹತ್ತಕ್ಕೆ ಬಿಚ್ಚುವುದು.

೨-೧-೭೯. ಬೆಳಿಗ್ಗೆ ೯-೪೦. ಶಾಲೆ

ಡಾಕ್ಟರ ಕಾರು ಬಂತು. ಅವರಿಗೆ ಕಾಣಬೇಕು. ಅಷ್ಟು ಸಾಕು. ಕಂಡರೆ ಕ್ಲಬ್ಬೂ ಬೇಡ, ಕಾರ್ಯದರ್ಶಿಗಿರಿಯೂ ಬೇಡ.

೧೧-೩೦

ಬಲಗಣ್ಣೇ. ನಾನು ಹಚ್ಚಿದ ಕಡೆಗೇ ಆಪರೇಷನ್ ಆಗಿದೆ. ಎಡಗಣ್ಣು ಹಾಗೆಯೇ ಬೆಳ್ಳಗೆ.

ಡಾಕ್ಟರು ಅರವತ್ತೆರಡರ ಗಡಿಬಿಡಿಯಲ್ಲಿ ಕಾರ್ಡು ನೋಡಲಿಲ್ಲ. ಬೆರಳು ಎತ್ತಿದರು. "ಎಷ್ಟು ಅಜ್ಜಿ?"

ಸಫಿಯಮ್ಮ ತುಂಬ ಹೊತ್ತು ನೋಡಿದರು.

"ಮೂರು."

ಮೂರೇ. ಕೀವಿಲ್ಲ, ಹೊಲಿಗೆ ಗಟ್ಟಿ. ಒಂದೂವರೆ ತಿಂಗಳಲ್ಲಿ ದಪ್ಪ ಕನ್ನಡಕ ಬರುತ್ತದೆ, ಆಮೇಲೆ ಬೀಡಿ ಕಟ್ಟಬಹುದು ಎಂದು ಮುಂದಿನವರ ಕಡೆ ಹೋದರು. ವಿಠಲ ನನ್ನ ಭುಜ ಒತ್ತಿದ. ಎಲ್ಲರೂ ಚಪ್ಪಾಳೆ.

ಅವರ ಪಕ್ಕ ಕುಕ್ಕರಿಸಿದೆ. "ಸಫಿಯಮ್ಮ, ನನ್ನಿಂದ ಒಂದು ತಪ್ಪು..."

ಅವರು ನನ್ನ ಕೈ ಹಿಡಿದು ಹತ್ತಿರ ಎಳೆದರು.

"ನನಗೆ ಗೊತ್ತುಂಟು ಮಾಷ್ಟ್ರೆ. ಹಚ್ಚುವಾಗಲೇ ಗೊತ್ತಾಯಿತು, ಇದು ಒಳ್ಳೆ ಕಣ್ಣು ಅಂತ."

"ಮತ್ತೆ ಯಾಕೆ ಹೇಳಲಿಲ್ಲ?"

"ಹೋದ ವರ್ಷ ನಮ್ಮ ಪಕ್ಕದ ಮನೆ ಖದೀಜ ಡಾಕ್ಟ್ರ ಹತ್ತಿರ ಎದುರು ಮಾತಾಡಿದಳು ಅಂತ ನೀವು ಕ್ಯಾಂಪಿನ ಪಟ್ಟಿಯಿಂದ ಹೆಸರು ಹೊಡೆದು ಮನೆಗೆ ಕಳಿಸಿದಿರಲ್ಲ? ನಾನೂ ಬಾಯಿ ಬಿಟ್ಟರೆ ಹಾಗೆ ಮಾಡುತ್ತೀರಿ ಅಂತ ಹೆದರಿಕೆ ಆಯಿತು." ದನಿ ಇನ್ನೂ ತಗ್ಗಿಸಿದರು. "ಯಾರಿಗೂ ಹೇಳುವುದಿಲ್ಲ ನಾನು. ನೀವು ಸಿಟ್ಟು ಮಾಡಬೇಡಿ. ಮುಂದಿನ ಸಲ ಈ ಎಡದ ಕಣ್ಣಿಗೆ ನನ್ನ ಹೆಸರು ಬರೆಯುತ್ತೀರಲ್ಲ?"

ಹೌದು. ಹೊಡೆದು ಹಾಕಿದ್ದು ನಾನೇ. ಕೆಂಪು ಶಾಯಿಯಲ್ಲಿ. ಶಿಸ್ತು ಎಂದು ಮೀಟಿಂಗಿನಲ್ಲಿ ಹೊಗಳಿಸಿಕೊಂಡೂ ಇದ್ದೆ.

ಆರು ದಿನ ನಾನು ಹೆದರಿದ್ದು ಇವರ ಕಣ್ಣಿಗಾಗಿ ಎಂದುಕೊಂಡಿದ್ದೆ. ಇವರು ಹೆದರಿದ್ದು ನನಗೆ.

೧೧-೫೦

ಡಾಕ್ಟರು ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುತ್ತಿದ್ದಾರೆ. ಬಾಗಿಲಲ್ಲಿ ವಿಠಲ. ಬೇಡ ಬೇಡ ಎಂದು ಕಣ್ಣಲ್ಲೇ ಹೇಳುತ್ತಿದ್ದಾನೆ. ಕಾರ್ಡು ನಂಬರ್ ೪೧ ನನ್ನ ಕೈಯಲ್ಲಿದೆ. ಈಗಲೇ ಹೋಗಿ ಡಾಕ್ಟರಿಗೆ ಎಲ್ಲ ಹೇಳಿಬಿಡಬೇಕು. ಮೊದಲು ಖದೀಜಮ್ಮನ ಹೆಸರು ಹೊಡೆದದ್ದರಿಂದ ಶುರು ಮಾಡಿ, ಆಮೇಲೆ —