ಅಕ್ಕಿ ಡಬ್ಬಿಯೊಳಗೆ ಕೈ

ಹಿಲ್ಸ್‌ಬರೋ, ಫೆಬ್ರವರಿ 2009

ಅತ್ತೆಯವರಿಗೆ ನಮಸ್ಕಾರ.

ರಾತ್ರಿ ಎರಡೂವರೆಗೆ ಅಕ್ಕಿ ಡಬ್ಬಿಯ ಮುಚ್ಚಳದ ಸದ್ದಿಗೆ ಎಚ್ಚರವಾಯಿತು. ಕೂಸು ನೋಡಿಕೊಳ್ಳಲು ನೀವು ಮೈಸೂರಿಂದ ಕರೆತಂದ ಚಿಕ್ಕತಾಯಮ್ಮ ಮೊಣಕೈವರೆಗೆ ಅಕ್ಕಿಯೊಳಗೆ ಕೈ ಹಾಕಿದ್ದರು. "ಹುಳ ಬಿದ್ದೈತೇನೋ ಅಂತ ನೋಡ್ತಿದ್ದೆ ಕಣವ್ವ" ಅಂದರು.

ನಿನ್ನೆ ಸಂಜೆ ದೊಡ್ಡವಳು ಇಂಚರ ಶಾಲೆಯ ಪಾಠ ಹೇಳುತ್ತಿದ್ದಳು. ಈ ದೇಶದಲ್ಲಿ ಹಿಂದೆ ಗುಲಾಮರು ಧಣಿಯ ಚೀಟಿಯಿಲ್ಲದೆ ರಸ್ತೆಗೂ ಇಳಿಯುವಂತಿರಲಿಲ್ಲವಂತೆ. ಚಿಕ್ಕತಾಯಮ್ಮ ಕೇಳಿದರು, "ನನ್ ಪಾಸ್‌ಪೋರ್ಟು ಯಾರತ್ರ ಐತೆ ಮಗಾ?" ಇಂಚರ ನನ್ನ ಮುಖ ನೋಡಿದಳು. "ಮಾಮ್, ಡು ಯು ಹ್ಯಾವ್ ಇಟ್?"

ನಿಮ್ಮ ಮಗನ ಬ್ಯಾಂಕ್ ಕೆಲಸ ಹೋದಾಗ, ಸಂಬಳ ಸಿಗದೆ ಚಿಕ್ಕತಾಯಮ್ಮ ಬೇರೆ ಮನೆ ಸೇರಿಕೊಂಡಾರೆಂದು ನೀವು ಅವರ ಪಾಸ್‌ಪೋರ್ಟ್ ಬಚ್ಚಿಟ್ಟಿರಿ. ನೀವು ಊರಿಗೆ ಹೊರಟಾಗಲೂ ನಾನು ಕೇಳಲಿಲ್ಲ. ನನಗೂ ಅನುಕೂಲವಿತ್ತು.

ಈಗ ನಾನೂ ಪಕ್ಕ ಕೂತು ಅಕ್ಕಿಯಲ್ಲಿ ಕೈಯಾಡಿಸಿದೆ. ದೇವರ ಪಟದ ಹಿಂದೆ, ನಿಮ್ಮ ಹಾಸಿಗೆಯಡಿ ಇಬ್ಬರೂ ಹುಡುಕಿದೆವು. ಎಲ್ಲೂ ಇಲ್ಲ. ಎರಡು ಸಲ ಫೋನ್ ಮಾಡಿದೆ, ನೀವು ಎತ್ತಲಿಲ್ಲ. ಅದಕ್ಕೇ ಈ ಇ-ಮೇಲ್, ಭಾವ ಓದಿ ಹೇಳಲಿ.

ಎಲ್ಲಿಟ್ಟಿದ್ದೀರಿ ಅತ್ತೆ? ಇಲ್ಲಿ ಬೆಳಗಾಗುವ ಮೊದಲು, ಇಂಚರ ಎದ್ದು ಮತ್ತೆ ಕೇಳುವ ಮೊದಲು, ದಯವಿಟ್ಟು ಫೋನ್ ಮಾಡಿ. ಫೋನ್ ಚಿಕ್ಕತಾಯಮ್ಮನ ಮಡಿಲಲ್ಲಿದೆ. ಅವರಿಗೇ ಹೇಳಿ.

ನಿಮ್ಮ ಸೊಸೆ,
ಸುಪ್ರಭಾ